ಸಹಾಯ ಬೇಕು: ಮನೆಯಲ್ಲೇ ಮಕ್ಕಳ ಕಟಿಂಗ್

ಎಲ್ಲರಿಗೂ ನಮಸ್ಕಾರ. ನಾವಿರುವುದು ತುಮಕೂರಿನ ಶಿರಾ ಗೇಟ್ ಹತ್ತಿರ. ಮನೆಯಲ್ಲಿ ಯಜಮಾನರು, ಮಾವ, ಇಬ್ಬರು ಗಂಡುಮಕ್ಕಳು. ನಾವು ಹೋಗುವ ಅಂಗಡಿಯಲ್ಲಿ ತಲೆಗೆ 120 ರೂಪಾಯಿ. ತಿಂಗಳಿಗೆ 480 ಆಯ್ತಲ್ವಾ? ಅದಕ್ಕೇ ಒಂದು ಟ್ರಿಮ್ಮರ್ ತಂದೆ.

ಹೋದ ಮಂಗಳವಾರ ಚಿಕ್ಕವನನ್ನು ಹಿತ್ತಲಲ್ಲಿ ಸ್ಟೂಲ್ ಮೇಲೆ ಕೂರಿಸಿ, ಹಳೇ ಪಂಚೆ ಸುತ್ತಿ ಶುರು ಮಾಡಿದೆ. ಪಕ್ಕಗಳಿಗೆ ಟ್ರಿಮ್ಮರ್ ಬಾಯಿಗೆ ಸಿಕ್ಕಿಸುವ 6 ಮಿ.ಮೀ. ಬಾಚಣಿಗೆ (ಅಷ್ಟುದ್ದ ಕೂದಲು ಉಳಿಸುತ್ತೆ) ಹಾಕಿದ್ದೆ, ಚೆನ್ನಾಗೇ ಬಂತು. ಕಿವಿ ಹಿಂದೆ ಹೋದಾಗ ಬಾಚಣಿಗೆ ಕಳಚಿ ಬಿದ್ದಿದ್ದು ನಾನು ನೋಡಲೇ ಇಲ್ಲ. ಐದು ರೂಪಾಯಿ ನಾಣ್ಯದಷ್ಟು ಬೋಳು! ಪಾಪ, ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದಾನೆ. 'ಅಂಗಡಿಯವರೇ ಮಂಗಳವಾರ ಕತ್ತರಿ ಮುಟ್ಟಲ್ಲ, ನಿನಗ್ಯಾಕೆ ಬೇಕಿತ್ತು' ಅಂತ ಅತ್ತೆ ಬೇರೆ.

ಬೋಳು ಹೇಗೂ ಬೆಳೆಯುತ್ತೆ ಬಿಡಿ. ನನ್ನ ತಲೆನೋವು ಇನ್ನೊಂದು. ನೆತ್ತಿಯ ಉದ್ದ ಕೂದಲು ಪಕ್ಕದ ಗಿಡ್ಡ ಕೂದಲಿಗೆ ಸೇರುವ ಕಡೆ ಮೆಟ್ಟಿಲಿನ ಥರ ಗೆರೆ ನಿಲ್ಲುತ್ತೆ. ಅಲ್ಲಿ 9 ಮಿ.ಮೀ. ಹಾಕಬೇಕಾ, ಇಲ್ಲಾ ಕತ್ತರಿಯಲ್ಲೇ ಸರಿ ಮಾಡಬೇಕಾ? ದೊಡ್ಡವನಿಗೆ ಎರಡು ಸುಳಿ ಬೇರೆ, ಅಲ್ಲಿ ಯಾವ ಕಡೆಯಿಂದ ಓಡಿಸೋದು? ಮನೆಯಲ್ಲಿ ಮಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ. ಯಜಮಾನರು ಒಪ್ಪಿದ್ದಾರೆ, ಆದರೆ ದೊಡ್ಡವನ ತಲೆ ನೋಡಿದ ಮೇಲೇ ಕೂರುತ್ತಾರಂತೆ. ಮಾವನನ್ನು ಮಾತ್ರ ಕೇಳಲೇಬೇಡಿ, ಅವರಿಗೆ ಅಂಗಡಿಯ ಪೇಪರು, ಹರಟೆ ಇಲ್ಲದೆ ಕಟಿಂಗೇ ಅಲ್ಲ.