ರಾತ್ರಿ ಮಲಗಿದರೆ ಹಲ್ಲು ಸಿಡಿಯುತ್ತದೆ, ಅನುಭವಸ್ಥರು ಹೇಳಿ

ಪ್ರಶ್ನೆ, ಬೆಂಗಳೂರಿನ ವಿಜಯನಗರದಿಂದ: ಬಲಗಡೆ ಕೆಳದವಡೆಯಲ್ಲೊಂದು ಹುಳುಕು ಹಲ್ಲು. ಹಗಲು ಹೇಗೋ ಕಳೆಯುತ್ತದೆ. ದಿಂಬಿಗೆ ತಲೆ ಕೊಟ್ಟ ಕೂಡಲೇ ಕಿವಿಯವರೆಗೂ ಸಿಡಿತ. ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮಾಡಿಸಿ, ಅಂದರೆ ಹಲ್ಲಿನೊಳಗಿನ ನರ ತೆಗೆಸಿ ಬೇರು ತುಂಬಿಸಿ, ಮೇಲೆ ಕ್ಯಾಪ್ ಹಾಕಿಸಿ ಎಂದರು. ಮೊತ್ತ ಕೇಳಿ ಎದೆ ಧಸಕ್ಕೆಂದಿತು. ಮಾತ್ರೆಯಲ್ಲೇ ವಾಸಿಯಾದವರು ಇದ್ದೀರಾ?

ಬಸವನಗುಡಿ: ಹತ್ತಿಯ ಉಂಡೆಗೆ ಒಂದೇ ತೊಟ್ಟು ಲವಂಗದ ಎಣ್ಣೆ ಹಾಕಿ ಹುಳುಕಿನ ಗುಳಿಯಲ್ಲಿಡಿ. ಒಸಡಿಗೆ ತಾಗಿದರೆ ಉರಿಯುತ್ತದೆ. ಎರಡು ದಿಂಬು ಹಾಕಿಕೊಂಡು ಮಲಗಿ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುವುದರಿಂದಲೇ ರಾತ್ರಿ ಈ ಕಾಟ. ಬೆಳಗಾಗುವವರೆಗೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಇದರಿಂದ ನಿರೀಕ್ಷಿಸಬೇಡಿ.

ಮಲ್ಲೇಶ್ವರ: ಮಾತ್ರೆಯಲ್ಲಿ ವಾಸಿಯಾದವರು ಖಂಡಿತ ಸಿಗುತ್ತಾರೆ ಮೇಡಂ, ನಂಬಬೇಡಿ. ನಮ್ಮ ಭಾವನವರೂ ಹಾಗೆಯೇ ಹೇಳಿಕೊಂಡು ತಿರುಗಿದರು. ನೋವು ನಿಂತದ್ದು ಒಳಗಿನ ನರ ಸತ್ತದ್ದರಿಂದ! ಬೇರಿನ ತುದಿಯಲ್ಲಿ ಕೀವು ಕಟ್ಟಿ, ಯುಗಾದಿಯ ಹೊತ್ತಿಗೆ ಕೆನ್ನೆ ಬನ್ನಿನಂತೆ ಊದಿತು. ಔಷಧದಂಗಡಿಯವನು ಕೊಟ್ಟನೆಂದು ಆಂಟಿಬಯಾಟಿಕ್ ನುಂಗಬೇಡಿ. ನರದ ಉರಿಗೆ ಅದು ನಾಟುವುದಿಲ್ಲ.

ಚಾಮರಾಜಪೇಟೆ: ದುಡ್ಡಿನ ಚಿಂತೆಯಿದ್ದರೆ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದ ಸರ್ಕಾರಿ ದಂತ ಕಾಲೇಜಿಗೆ ಹೋಗಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಿರಿ. ಬೆಳಗ್ಗೆ ಬೇಗ ಹೋದರೆ ಚೀಟಿಯ ಸಾಲು ಚಿಕ್ಕದು. ನನ್ನ ಹಲ್ಲಿಗೆ ಕೈಹಾಕಿದ್ದು ಸ್ನಾತಕೋತ್ತರ ವಿದ್ಯಾರ್ಥಿನಿ. ಹಲ್ಲೊಂದೇ ಹೊರಗೆ ಕಾಣುವಂತೆ ಬಾಯಿಗೆ ರಬ್ಬರ್ ಹಾಳೆ ಬಿಗಿದು, ಹಳದಿ, ಕೆಂಪು, ನೀಲಿ ಹಿಡಿಯ ಸಣ್ಣ ಅರಗಳನ್ನು ಬೇರಿನೊಳಕ್ಕೆ ಒಂದೊಂದಾಗಿ ಇಳಿಸಿದರು. ಹಂತಹಂತಕ್ಕೂ ಪ್ರಾಧ್ಯಾಪಕರು ಬಂದು ಎಕ್ಸ್‌ರೇ ನೋಡಿಯೇ ಮುಂದಕ್ಕೆ ಬಿಟ್ಟರು. ನಿಧಾನ, ನಿಜ, ಕಚೇರಿಗೆ ರಜೆ ಹಾಕಬೇಕಾಗುತ್ತದೆ. ಅವಸರದ ಕೆಲಸಕ್ಕಿಂತ ನನಗೆ ಅದೇ ವಾಸಿ ಎನಿಸಿತು. ಕ್ಯಾಪಿನ ಖರ್ಚು ಬೇರೆ, ಮೊದಲೇ ಕೇಳಿಕೊಳ್ಳಿ.

ರಾಜಾಜಿನಗರ: ಇಷ್ಟೆಲ್ಲ ಯಾಕೆ, ಕೀಳಿಸಿಬಿಡಿ.

ಮಲ್ಲೇಶ್ವರ: ಕೀಳಿಸುವುದು ಅಗ್ಗ, ಆಮೇಲಿನದು ದುಬಾರಿ ಸರ್. ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತವೆ. ದವಡೆಗೆ ಕೂರಿಸುವ ಕೃತಕ ಹಲ್ಲು, ಅದೇ ಇಂಪ್ಲಾಂಟ್‌ನ ಬೆಲೆ ವಿಚಾರಿಸಿದ್ದೀರಾ?

ಯಲಹಂಕ: ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ಎಂಜಲು ನುಂಗಲು ಕಷ್ಟವಾದರೆ ಇಲ್ಲಿ ಉತ್ತರ ಕಾಯಬೇಡಿ. ಆ ಹೊತ್ತಿಗೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ವಿಜಯನಗರ: ಊತವಿಲ್ಲ. ನಾಳೆ ಕೋಟೆಯ ಕಡೆಗೇ ಹೊರಡುತ್ತೇನೆ. ಚಾಮರಾಜಪೇಟೆಯವರೇ, ಆಧಾರ್ ಕಾರ್ಡ್ ಒಯ್ಯಬೇಕೇ?