ಕೋಬೆಯ ರೊಕ್ಕೊ ಬೆಟ್ಟದ ಮೇಲೆ ಗಾಲ್ಫ್ ಆಡುವವರಿಗೆ: ಅನುಭವಸ್ಥರ ಸಲಹೆಗಳು

ಪ್ರಶ್ನೆ: ಕೆಲಸದ ನಿಮಿತ್ತ ಒಸಾಕಾದಲ್ಲಿ ನೆಲೆಸಿದ್ದೇನೆ. ನಮ್ಮ ಕಚೇರಿಯ ಹಿರಿಯ ಜಪಾನೀ ಸಹೋದ್ಯೋಗಿಯೊಬ್ಬರು ರೊಕ್ಕೊ ಬೆಟ್ಟದ ಮೇಲಿರುವ ಕೋಬೆ ಗಾಲ್ಫ್ ಕ್ಲಬ್‌ನ ಸದಸ್ಯರಾಗಿದ್ದು, ಅಕ್ಟೋಬರ್ ಕೊನೆಯಲ್ಲಿ ಅತಿಥಿಯಾಗಿ ಆಡಲು ಕರೆದಿದ್ದಾರೆ. ಬೆಂಗಳೂರಿನಲ್ಲಿ ಆಡಿ ರೂಢಿಯಾದ ನನಗೆ ಬೆಟ್ಟದ ಮೈದಾನ ತೀರಾ ಹೊಸದು. ಅಲ್ಲಿ ಆಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಈ ಕರೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೊದಲು ನಿಮ್ಮ ಗಾಲ್ಫ್ ಚೀಲದ ವಿಷಯ. ಅಲ್ಲಿ ಗಾಡಿಗಳಿಲ್ಲ; ಕ್ಯಾಡಿಗಳು ಚೀಲವನ್ನು ಹೆಗಲ ಮೇಲೆ ಹೊತ್ತು ಏರಿಳಿಯುತ್ತಾರೆ. ಆ ಕಾರಣಕ್ಕಾಗಿಯೇ ಗಾಲ್ಫ್ ನಿಯಮಾವಳಿಯ 14 ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಬದಲು 10ಕ್ಕೆ ಮಿತಿ ಹಾಕಿದ್ದಾರೆ. ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಉದ್ದದ ಕ್ಲಬ್‌ಗಳನ್ನು ಧೈರ್ಯವಾಗಿ ಬಿಟ್ಟು, ಹತ್ತಿರದ ಹೊಡೆತಕ್ಕೆ ಬೇಕಾಗುವ ವೆಡ್ಜ್‌ಗಳನ್ನೂ 7ರಿಂದ 9ರವರೆಗಿನ ಸಂಖ್ಯೆಯ ಐರನ್ ಎಂಬ ಕ್ಲಬ್‌ಗಳನ್ನೂ ಉಳಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಒಟ್ಟು ಉದ್ದ 4,000 ಗಜಗಳಿಗಿಂತ ತುಸು ಹೆಚ್ಚು, ಪಾರ್ (ಆಟ ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆ) 61. 6,000 ಗಜಗಳ ಆಸುಪಾಸಿನ ಮೈದಾನಗಳಲ್ಲಿ ಆಡಿದವರಿಗೆ ಈ ಅಂಕಿ ನೋಡಿದರೆ ಸುಲಭವೆನಿಸುತ್ತದೆ, ಆದರೆ ಅಲ್ಲಿ ಗಜದ ಲೆಕ್ಕ ನಡೆಯುವುದಿಲ್ಲ. ಚೆಂಡು ಇರುವ ಜಾಗ ಪಾದಕ್ಕಿಂತ ಎತ್ತರದಲ್ಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಎಳೆಯುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ ಜಾರುತ್ತದೆ. ಏರಿಗೆ ಮುಖ ಮಾಡಿ ಹೊಡೆದದ್ದು ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ, ಇಳಿಜಾರಿನಲ್ಲಿ ಹೊಡೆದದ್ದು ತಗ್ಗಾಗಿ ಹಾರಿ ನಿಲ್ಲದೆ ಉರುಳುತ್ತದೆ. ಎರಡೂ ಪಾದ ಸಮನಾಗಿ ಊರುವ ಜಾಗ ಸಿಗುವುದೇ ಕಡಿಮೆ. ಹೀಗಾಗಿ ಮೊದಲ ಹೊಡೆತದ ಜಾಗವಾದ ಟೀಯಿಂದ ಎಷ್ಟು ದೂರ ಹೊಡೆಯಬಹುದು ಎಂಬುದಕ್ಕಿಂತ ಮುಂದಿನ ಹೊಡೆತಕ್ಕೆ ಎಲ್ಲಿ ನಿಲ್ಲಲಾಗುತ್ತದೆ ಎಂದು ಯೋಚಿಸಿ. ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಹಾದಿಯ ಪಕ್ಕದಲ್ಲಿ ಸಾಸಾ ಎಂಬ ಕುಳ್ಳ ಬಿದಿರು ಮಂಡಿಯೆತ್ತರಕ್ಕೆ ಒತ್ತಾಗಿ ಬೆಳೆದಿರುತ್ತದೆ. ಎಲೆಗಳು ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದ ಬಿದ್ದ ಚೆಂಡು ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಹುಡುಕುವ ಹಟ ಹಿಡಿಯದೆ, ಜೇಬಿನಲ್ಲಿ ಇನ್ನೊಂದು ಚೆಂಡು ಇಟ್ಟುಕೊಂಡೇ ಟೀ ಮೇಲೆ ನಿಲ್ಲಿ.

ಉತ್ತರ 2: ನಾನು ಕೊಡಗಿನವನು. ಮಡಿಕೇರಿಯ ಮರ್ಕಾರಾ ಡೌನ್ಸ್‌ನಲ್ಲಿ ಆಡಿದವರಿಗೆ ಇಳಿಜಾರಿನ ಅಂದಾಜು ಸ್ವಲ್ಪ ಇರುತ್ತದೆ, ಆದರೂ ರೊಕ್ಕೊ ಏರು ಇನ್ನೂ ಕಡಿದು. ಹಳೆಯ, ಪಳಗಿದ ಶೂ ಹಾಕಿಕೊಳ್ಳಿ. ಮೇಲೆ ಕೋಬೆ ಪೇಟೆಗಿಂತ ಸುಮಾರು 5 ಡಿಗ್ರಿ ಕಡಿಮೆ ಉಷ್ಣಾಂಶವಿರುತ್ತದೆ, ಆದ್ದರಿಂದ ತೆಳುವಾದ ಸ್ವೆಟರ್ ಬೇಕು. ಕ್ಲಬ್‌ಹೌಸ್‌ಗೆ ಕೋಟು ಧರಿಸಿ ಹೋಗುವುದು ಜಪಾನಿನ ಹಳೆಯ ಕ್ಲಬ್‌ಗಳಲ್ಲಿ ರೂಢಿ. ಹ್ಯಾಂಕ್ಯು ರೈಲಿನ ರೊಕ್ಕೊ ನಿಲ್ದಾಣದಿಂದ ಬಸ್ಸು, ಆಮೇಲೆ ಕೇಬಲ್ ಕಾರು. ದೊಡ್ಡ ಚೀಲ ಹೊತ್ತು ಇಷ್ಟು ಹತ್ತಿಳಿಯುವುದು ಕಷ್ಟ; ತಕ್ಯುಬಿನ್ ಎಂಬ ಕೊರಿಯರ್ ಸೇವೆಯ ಮೂಲಕ ಮುಂಚಿತವಾಗಿ ಕಳುಹಿಸಬಹುದೇ ಎಂದು ನಿಮ್ಮ ಸಹೋದ್ಯೋಗಿಯನ್ನು ಕೇಳಿ.

ಉತ್ತರ 3: ಆಟದ ಬಗ್ಗೆ ಮೇಲಿನವರು ಹೇಳಿದ್ದಾರೆ, ಆ ಮೈದಾನ ಹಾಗೇಕಿದೆ ಎಂಬುದನ್ನು ತಿಳಿದು ಹೋದರೆ ಆಟದ ಸಂತೋಷ ಹೆಚ್ಚುತ್ತದೆ. ಕೋಬೆಯಲ್ಲಿ ವ್ಯಾಪಾರಿಯಾಗಿದ್ದ ಆರ್ಥರ್ ಹೆಸ್ಕೆತ್ ಗ್ರೂಮ್ ಎಂಬ ಇಂಗ್ಲಿಷಿನವರು 1901ರಲ್ಲಿ ಆ ಬೆಟ್ಟದ ಮೇಲೆ 4 ಹೋಲ್‌ಗಳನ್ನು (ಟೀಯಿಂದ ಚೆಂಡು ಬೀಳಿಸಬೇಕಾದ ಕುಳಿಯವರೆಗಿನ ಆಟದ ಭಾಗಗಳನ್ನು) ಸಿದ್ಧಪಡಿಸಿದರು. 1903ರಲ್ಲಿ 9 ಹೋಲ್‌ಗಳೊಂದಿಗೆ ಕ್ಲಬ್ ಆರಂಭವಾಯಿತು, ಮರುವರ್ಷ 18 ಆದವು. ಜಪಾನಿನ ಮೊದಲ ಗಾಲ್ಫ್ ಮೈದಾನ ಇದೇ. ಬೆಟ್ಟವನ್ನು ಕಡಿದು ಮಟ್ಟ ಮಾಡುವ ಯಂತ್ರಗಳಿಲ್ಲದ ಕಾಲದಲ್ಲಿ ನೆಲ ಇದ್ದಂತೆಯೇ ಹೋಲ್‌ಗಳನ್ನು ಹಾಕಿದರು. ಆಗ ಕುಳಿಯ ಸುತ್ತಲಿನ ನುಣುಪು ನೆಲವಾದ ಗ್ರೀನ್‌ಗಳು ಕೂಡ ಮರಳಿನವು. ಚಳಿಗಾಲದಲ್ಲಿ ಹಿಮ ಬಿದ್ದು ಆಟ ನಿಲ್ಲುತ್ತಿದ್ದುದರಿಂದ ಡಬ್ಲ್ಯು. ಜೆ. ರಾಬಿನ್ಸನ್ ಎಂಬವರು 1904ರಲ್ಲಿ ಕೆಳಗೆ ಕಡಲ ಬದಿಯ ಯೊಕೊಯಾದಲ್ಲಿ ಇನ್ನೊಂದು ಮೈದಾನ ಮಾಡಿದರು. ಅಲ್ಲಿ ಬೆಳೆದ ಫುಕುಯಿ ಕಾಕುಜಿ ಮುಂದೆ ಜಪಾನಿನ ಮೊದಲ ವೃತ್ತಿಪರ ಗಾಲ್ಫ್ ಆಟಗಾರರಾದರು. ರೊಕ್ಕೊ ಮೈದಾನ ಈಗಲೂ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಮಂಜು ಕವಿದು ಕಣ್ಣು ಕಟ್ಟುತ್ತದೆ. ಹಾಗಾಗಿ ನಿಮ್ಮ ಅಕ್ಟೋಬರ್ ಅತ್ಯುತ್ತಮ ಸಮಯ. ವಿಲಿಯಂ ಮೆರೆಲ್ ವೋರಿಸ್ ರೂಪಿಸಿದ 1932ರ ಕ್ಲಬ್‌ಹೌಸನ್ನು ನಿಧಾನವಾಗಿ ನೋಡಲು ಅರ್ಧ ಗಂಟೆ ಮೊದಲೇ ತಲುಪಿ.

ಕ್ಯಾಡಿಯ ಮಾತನ್ನು ಕೇಳಿ. ಗ್ರೀನ್ ಕಾಣದ ಕಡೆ ಅವರು ತೋರಿಸುವ ಮರದ ಕಡೆಗೇ ಹೊಡೆಯಿರಿ, ಚೆಂಡು ಪಕ್ಕದವರತ್ತ ಹೋದರೆ ಕ್ಯಾಡಿಯೊಂದಿಗೆ ನೀವೂ ಗಟ್ಟಿಯಾಗಿ "ಫಾ" ಎಂದು ಕೂಗಿ ಎಚ್ಚರಿಸಿ. ಖರ್ಚಿನ ವಿಷಯದಲ್ಲಿ, ಆಟದ ಶುಲ್ಕ ಮತ್ತು ಕ್ಯಾಡಿ ಶುಲ್ಕದ ಜೊತೆಗೆ ಗಾಲ್ಫ್ ಮೈದಾನ ಬಳಕೆಯ ತೆರಿಗೆಯೂ ಇರುತ್ತದೆ. ಕರೆದವರೇ ಕೊಡುತ್ತಾರೆಂದು ಸುಮ್ಮನಿರದೆ, ನಿಮ್ಮ ಪಾಲು ಎಷ್ಟೆಂದು ಮೊದಲೇ ವಿನಯದಿಂದ ಕೇಳಿಕೊಂಡು ನಗದು ಇಟ್ಟುಕೊಂಡಿರಿ. ಆಟ ಮುಗಿದಾಗ ಕ್ಯಾಡಿಯ ಎದುರಿಗೇ ಹತ್ತೂ ಕ್ಲಬ್‌ಗಳನ್ನು ಎಣಿಸಿ ನೋಡಿಕೊಳ್ಳಿ.