ಗೇಮ್ ಬಾಯ್ ಅಡ್ವಾನ್ಸ್ ಲೈಬ್ರರಿ: ಎಮ್ಯುಲೇಟರ್‌ನಲ್ಲಿ ಸೇವ್ ಉಳಿಯುತ್ತದೆ, ಯಂತ್ರದಲ್ಲಿ ಉಳಿಯುವುದಿಲ್ಲ

ನಾಪೋಕ್ಲು_ಸ್ಪ್ರೈಟ್

ಎಲ್ಲರಿಗೂ ನಮಸ್ಕಾರ. ನಿಂಟೆಂಡೊದ ಹಳೆಯ ಕೈ ಗೇಮ್ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಸಿ ಭಾಷೆಯಲ್ಲಿ ಒಂದು ಚಿಕ್ಕ ಲೈಬ್ರರಿ (ಆಟ ಬರೆಯುವವರು ಬಳಸಿಕೊಳ್ಳುವ ಸಿದ್ಧ ಕೋಡ್) ಬರೆದಿದ್ದೇನೆ. ಪರದೆ, ಗುಂಡಿಗಳು, ಸ್ಪ್ರೈಟ್, ಇಂಟರಪ್ಟ್, ಸೇವ್, ಇಷ್ಟೇ ಅದರಲ್ಲಿರುವುದು. ಲಿಬ್‌ಟಾಂಕ್, ಬುಟಾನೊ ತರಹದ ಒಳ್ಳೆಯ ಲೈಬ್ರರಿಗಳು ಈಗಾಗಲೇ ಇವೆ. ಆದರೆ ವಿವರಣೆಯೆಲ್ಲ ಕನ್ನಡದಲ್ಲೇ ಇರುವ, ನಮ್ಮೂರಿನ ಹೈಸ್ಕೂಲ್ ಮಕ್ಕಳು ಓದಿಕೊಂಡು ರಿಜಿಸ್ಟರ್ ಮಟ್ಟದಲ್ಲಿ ಕೆಲಸ ಕಲಿಯುವಂಥದ್ದು ಒಂದು ಬೇಕು ಅನ್ನಿಸಿತು. ಓಪನ್ ಸೋರ್ಸ್ ಆಗಿ ಬಿಡುಗಡೆ ಮಾಡಬೇಕು ಅಂತಿದ್ದೇನೆ.

ಜೊತೆಗೆ ಒಂದು ಉದಾಹರಣೆ ಆಟ ಇದೆ: ಹಾಕಿ ಪೆನಾಲ್ಟಿ ಶೂಟೌಟ್. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬ ಹಾಕಿ ಹಬ್ಬ ನೋಡಿಕೊಂಡೇ ಬೆಳೆದವರು ನಾವು, ಹಾಗಾಗಿ ಇದನ್ನೇ ಆರಿಸಿಕೊಂಡೆ. ಅತಿ ಹೆಚ್ಚು ಗೋಲು ಹೊಡೆದ ದಾಖಲೆ ಎಸ್‌ರಾಮ್‌ನಲ್ಲಿ (ಸೇವ್ ಇಡುವ SRAM ಮೆಮೊರಿ ಚಿಪ್) ಸೇವ್ ಆಗಬೇಕು.

ಸಮಸ್ಯೆ ಇಲ್ಲಿದೆ. ಕಂಪ್ಯೂಟರ್‌ನಲ್ಲೇ ಯಂತ್ರದ ಹಾಗೆ ಆಟ ಓಡಿಸುವ ಎಂಜಿಬಿಎ ಎಮ್ಯುಲೇಟರ್‌ನಲ್ಲಿ ದಾಖಲೆ ಸರಿಯಾಗಿ ಉಳಿಯುತ್ತದೆ. ಗೋಣಿಕೊಪ್ಪದ ಗೆಳೆಯನ ಅಡ್ವಾನ್ಸ್ ಎಸ್‌ಪಿಯಲ್ಲಿ, ಫ್ಲಾಶ್ ಕಾರ್ಟ್ (ನಮ್ಮದೇ ಆಟದ ಫೈಲ್ ತುಂಬಿಸಬಹುದಾದ ಕಾರ್ಟ್ರಿಜ್) ಹಾಕಿ ಆಡಿದರೆ, ಪವರ್ ಆಫ್ ಮಾಡಿ ಆನ್ ಮಾಡಿದ ಕೂಡಲೇ ಎಲ್ಲ ಹೋಗಿರುತ್ತದೆ. ವಿಚಿತ್ರ ಏನೆಂದರೆ, ಕೋಡ್ ಎಲ್ಲ ಒಂದೇ ಪ್ರಾಜೆಕ್ಟ್‌ನಲ್ಲಿ ಇದ್ದಾಗ ಇದೇ ಯಂತ್ರದಲ್ಲಿ, ಇದೇ ಕಾರ್ಟ್‌ನಲ್ಲಿ ಸೇವ್ ಉಳಿಯುತ್ತಿತ್ತು. ಬಿಡುಗಡೆಗೆಂದು ಬೇರೆ ಮಾಡಿ ಸ್ಟಾಟಿಕ್ ಲೈಬ್ರರಿ ಕಟ್ಟಿದ ಮೇಲೆ ಹೀಗಾಗಿದೆ. ಸೇವ್ ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ.

ಡೆವ್‌ಕಿಟ್‌ಆರ್ಮ್ ಎಂಬ ಕಂಪೈಲರ್ ಕಿಟ್ ಬಳಸುತ್ತಿದ್ದೇನೆ. ಆಪ್ಟಿಮೈಸೇಶನ್ ಮಟ್ಟ 2. ಬಳಸದ ಸೆಕ್ಷನ್‌ಗಳನ್ನು ಲಿಂಕರ್ (ಕಂಪೈಲ್ ಆದ ಚೂರುಗಳನ್ನು ಸೇರಿಸಿ ಕೊನೆಯ ಫೈಲ್ ಕಟ್ಟುವ ಪ್ರೋಗ್ರಾಂ) ಕಿತ್ತುಹಾಕುವ ಆಯ್ಕೆ ಆನ್ ಇದೆ. ಲಿಂಕರ್ ಸ್ಕ್ರಿಪ್ಟ್ ನನ್ನದೇ.

ಇನ್ನೊಂದು ವಿಷಯ. ನನ್ನ ಹತ್ತಿರ ನಿಜವಾದ ಯಂತ್ರ ಇಲ್ಲ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಕಾವೇರಿ ತುಂಬಿದರೆ ರಸ್ತೆಯೂ ಮುಳುಗುತ್ತದೆ. ಪೆನ್ ಡ್ರೈವ್‌ನಲ್ಲಿ ರಾಮ್ ಫೈಲ್ (ಇಡೀ ಆಟ ಇರುವ ROM ಫೈಲ್) ಹಾಕಿ, ಗೋಣಿಕೊಪ್ಪಕ್ಕೆ ಹೋಗುವವರ ಕೈಯಲ್ಲಿ ಕಳಿಸಿ, ಉತ್ತರಕ್ಕೆ ಕಾಯಬೇಕು. ಹಾಗಾಗಿ ಕಂಪ್ಯೂಟರ್‌ನಲ್ಲೇ ಪರೀಕ್ಷೆ ಮಾಡುವ ದಾರಿ ಇದ್ದರೆ ತುಂಬಾ ಉಪಕಾರ.

ಕುಶಾಲನಗರ_ಸೋಲ್ಡರ್

ಮೊದಲು ಕಾರ್ಟ್‌ನ ಬ್ಯಾಟರಿ ನೋಡಿ. ಎಸ್‌ರಾಮ್‌ಗೆ ಕರೆಂಟ್ ಇಲ್ಲದಿದ್ದರೆ ಏನೂ ಉಳಿಯುವುದಿಲ್ಲ. ನಮ್ಮ ಕಡೆ ತೇವ ಜಾಸ್ತಿ, ಕಾರ್ಟ್‌ನ ಕಾಂಟ್ಯಾಕ್ಟ್‌ಗಳಿಗೂ ಹಸಿರು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ನೋಡಿ.

ನಾಪೋಕ್ಲು_ಸ್ಪ್ರೈಟ್

ಗೆಳೆಯ ಒರೆಸಿ ನೋಡಿದ. ಅದೇ ಕಾರ್ಟ್‌ನಲ್ಲಿ ಬೇರೆ ಆಟಗಳು ಚೆನ್ನಾಗಿ ಸೇವ್ ಆಗುತ್ತವೆ. ನನ್ನ ಹಳೆಯ ರಾಮ್ ಫೈಲ್ ಕೂಡ ಸೇವ್ ಆಗುತ್ತದೆ. ಹಾಗಾಗಿ ಕಾರ್ಟ್ ಸರಿ ಇದೆ.

ಮೈಸೂರು_ಆರ್ಮ್7

ಹಳೆಯದು ಸರಿ, ಹೊಸದು ತಪ್ಪು, ಕೋಡ್ ಒಂದೇ ಅಂದರೆ ನನಗೆ ಅನುಮಾನ ಇರುವುದು ಒಂದೇ ಕಡೆ. ಸೇವ್ ಗುರುತಿನ ಸ್ಟ್ರಿಂಗ್ ಹೊಸ ರಾಮ್ ಫೈಲ್‌ನಲ್ಲಿ ಇದೆಯಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಯಂತ್ರದ ಕಾರ್ಟ್‌ಗಳಲ್ಲಿ ಸೇವ್ ಮಾಡುವ ಚಿಪ್ ಬೇರೆ ಬೇರೆ ತರಹ ಇರುತ್ತಿತ್ತು: ಎಸ್‌ರಾಮ್, ಇಇಪ್ರಾಮ್, ಫ್ಲಾಶ್. ಯಾವ ಚಿಪ್ ಅಂತ ರಾಮ್‌ನ ಹೆಡರ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಆದರೆ ಎಸ್‌ರಾಮ್ ಬಳಸುವ ಅಧಿಕೃತ ಆಟಗಳ ಒಳಗೆ ‘ಎಸ್‌ರಾಮ್’, ಒಂದು ಅಡಿಗೆರೆ, ‘ವಿ’, ಆಮೇಲೆ ಆವೃತ್ತಿಯ ಅಂಕಿಗಳು ಎಂಬ ಒಂದು ಸ್ಟ್ರಿಂಗ್ ಎಲ್ಲೋ ಕೂತಿರುತ್ತದೆ. 4 ಬೈಟ್‌ಗೆ ಹೊಂದುವ ವಿಳಾಸದಲ್ಲಿ ಶುರುವಾಗುತ್ತದೆ. ಅನೇಕ ಫ್ಲಾಶ್ ಕಾರ್ಟ್‌ಗಳು ಇಡೀ ಫೈಲನ್ನು ಹುಡುಕಿ, ಈ ಸ್ಟ್ರಿಂಗ್ ಕಂಡರೆ ಮಾತ್ರ ಆ ತರಹದ ಸೇವ್ ಜಾಗ ಕೊಡುತ್ತವೆ. ಕಾಣದಿದ್ದರೆ ಈ ಆಟಕ್ಕೆ ಸೇವ್ ಇಲ್ಲ ಎಂದುಕೊಳ್ಳುತ್ತವೆ.

ಎಂಜಿಬಿಎ ಹಾಗಲ್ಲ. ಆಟ ಎಸ್‌ರಾಮ್ ವಿಳಾಸವನ್ನು ಮುಟ್ಟಿದ ಕೂಡಲೇ ಯಾವ ತರಹ ಅಂತ ತಾನೇ ಊಹಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ನಿಮಗೆ ಸಮಸ್ಯೆ ಕಾಣಲಿಲ್ಲ.

ಪರೀಕ್ಷೆ ಸುಲಭ, ಯಂತ್ರ ಬೇಡ. ‘ಸ್ಟ್ರಿಂಗ್ಸ್’ ಕಮಾಂಡ್‌ಗೆ ರಾಮ್ ಫೈಲ್ ಕೊಟ್ಟು, ‘ಗ್ರೆಪ್’ನಲ್ಲಿ ಆ ಹೆಸರು ಹುಡುಕಿ. ಹಳೆಯ ಫೈಲ್, ಹೊಸ ಫೈಲ್ ಎರಡಕ್ಕೂ ಮಾಡಿ.

ನಾಪೋಕ್ಲು_ಸ್ಪ್ರೈಟ್

ಹಳೆಯದರಲ್ಲಿ ಇದೆ. ಹೊಸದರಲ್ಲಿ ಇಲ್ಲ!

ಆದರೆ ಸೋರ್ಸ್‌ನಲ್ಲಿ ಇದೆಯಲ್ಲ ಸರ್. ಆ ಸ್ಟ್ರಿಂಗ್‌ಗಾಗಿಯೇ ಒಂದು ಚಿಕ್ಕ ಫೈಲ್ ಇಟ್ಟಿದ್ದೇನೆ. ‘ಯೂಸ್ಡ್’ ಆಟ್ರಿಬ್ಯೂಟ್ ಕೂಡ ಹಾಕಿದ್ದೇನೆ. ಲೈಬ್ರರಿ ಫೈಲ್‌ಗೆ ‘ಎನ್ಎಂ’ ಕಮಾಂಡ್ ಕೊಟ್ಟರೆ ಆ ಹೆಸರು ಕಾಣುತ್ತದೆ. ಕೊನೆಯ ರಾಮ್‌ಗೆ ಮಾತ್ರ ಬರುತ್ತಿಲ್ಲ.

ಮೈಸೂರು_ಆರ್ಮ್7

ಸಿಕ್ಕಿತು. ಇದು ಲೈಬ್ರರಿ ಬಿಡುಗಡೆ ಮಾಡುವವರೆಲ್ಲ ತಿಳಿದಿರಬೇಕಾದ ವಿಷಯ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸ್ಟಾಟಿಕ್ ಲೈಬ್ರರಿ ಅಂದರೆ ಆಬ್ಜೆಕ್ಟ್ ಫೈಲ್‌ಗಳ ಒಂದು ಕಟ್ಟು. ಒಂದೇ ಪ್ರಾಜೆಕ್ಟ್‌ನಲ್ಲಿ ಇದ್ದಾಗ ನೀವು ಪ್ರತಿ ಆಬ್ಜೆಕ್ಟ್ ಫೈಲನ್ನೂ ಹೆಸರಿಟ್ಟು ಲಿಂಕರ್‌ಗೆ ಕೊಡುತ್ತಿದ್ದಿರಿ, ಅದು ಎಲ್ಲವನ್ನೂ ಒಳಗೆ ತೆಗೆದುಕೊಳ್ಳುತ್ತಿತ್ತು. ಕಟ್ಟಿನ ವಿಷಯದಲ್ಲಿ ನಿಯಮ ಬೇರೆ. ದಿನಸಿ ಅಂಗಡಿಗೆ ಚೀಟಿ ಕೊಟ್ಟರೆ ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಕಟ್ಟಿಕೊಡುತ್ತಾರಲ್ಲ, ಹಾಗೆ. ಆಟದ ಕೋಡ್ ಯಾವ ಹೆಸರುಗಳನ್ನು ಕೇಳುತ್ತದೋ, ಆ ಹೆಸರು ಇರುವ ಆಬ್ಜೆಕ್ಟ್ ಫೈಲ್‌ಗಳನ್ನು ಮಾತ್ರ ಲಿಂಕರ್ ಕಟ್ಟಿನಿಂದ ಎತ್ತಿಕೊಳ್ಳುತ್ತದೆ. ನಿಮ್ಮ ಸ್ಟ್ರಿಂಗ್ ಇರುವ ಫೈಲನ್ನು ಯಾರೂ ಕೇಳುವುದಿಲ್ಲ. ಅದರಲ್ಲಿ ಫಂಕ್ಷನ್ ಇಲ್ಲ, ಅದನ್ನು ಕರೆಯುವವರಿಲ್ಲ. ಹಾಗಾಗಿ ಅದು ಕಟ್ಟಿನಲ್ಲೇ ಉಳಿಯುತ್ತದೆ.

‘ಯೂಸ್ಡ್’ ಆಟ್ರಿಬ್ಯೂಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಕಂಪೈಲರ್‌ಗೆ ಹೇಳುವ ಮಾತು, ಲಿಂಕರ್‌ಗೆ ಅಲ್ಲ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ‘ಕೀಪ್’ ಹಾಕಿದರೂ ಅರ್ಧ ಪರಿಹಾರ ಮಾತ್ರ. ಒಳಗೆ ಬಂದ ಸೆಕ್ಷನ್ ಅಳಿಯದಂತೆ ಅದು ಕಾಯುತ್ತದೆ, ಕಟ್ಟಿನಿಂದ ಹೊರಗೆ ಎಳೆದು ತರುವುದಿಲ್ಲ.

ದಾರಿಗಳು ಮೂರು. ‘ಕೀಪ್’ ಜೊತೆಗೆ, ಇಡೀ ಕಟ್ಟನ್ನೇ ಒಳಗೆ ತಗೋ ಎಂಬ ‘ಹೋಲ್ ಆರ್ಕೈವ್’ ಆಯ್ಕೆ ಒಂದು. ಆ ಹೆಸರು ಬೇಕೇ ಬೇಕು ಎಂದು ಲಿಂಕರ್‌ಗೆ ‘ಮೈನಸ್ ಯು’ ಕೊಡುವುದು ಇನ್ನೊಂದು. ಎರಡರಲ್ಲೂ ಲೈಬ್ರರಿ ಬಳಸುವವರು ತಮ್ಮ ಮೇಕ್‌ಫೈಲ್ ತಿದ್ದಬೇಕು. ಮಕ್ಕಳು ಬಳಸುವ ಲೈಬ್ರರಿಗೆ ಅದು ಬೇಡ ಅಲ್ವಾ?

ನನಗೆ ಸರಿ ಅನ್ನಿಸುವುದು ಮೂರನೆಯದು. ಸ್ಟ್ರಿಂಗನ್ನು ಸೇವ್ ಶುರುಮಾಡುವ ಫಂಕ್ಷನ್ ಇರುವ ಫೈಲ್‌ಗೇ ತನ್ನಿ. ಆ ಫಂಕ್ಷನ್ ಒಳಗೆ ಒಂದು ಖಾಲಿ ಇನ್‌ಲೈನ್ ಅಸೆಂಬ್ಲಿ ಸಾಲು ಹಾಕಿ, ಅದಕ್ಕೆ ‘ವೊಲಟೈಲ್’ ಸೇರಿಸಿ, ಸ್ಟ್ರಿಂಗ್‌ನ ವಿಳಾಸವನ್ನು ಇನ್‌ಪುಟ್ ಆಗಿ ಕೊಡಿ. ಆಗ ಕಂಪೈಲರ್ ಆ ವಿಳಾಸವನ್ನು ರಿಜಿಸ್ಟರ್‌ಗೆ ತರಲೇಬೇಕು, ಲಿಂಕರ್‌ಗೂ ಕೊಂಡಿ ಕಾಣುತ್ತದೆ. ಸೇವ್ ಬಳಸುವ ಆಟಕ್ಕೆ ಸ್ಟ್ರಿಂಗ್ ತಾನಾಗಿ ಬರುತ್ತದೆ, ಬಳಸದ ಆಟಕ್ಕೆ ಬರುವುದಿಲ್ಲ. 4 ಬೈಟ್ ಅಲೈನ್‌ಮೆಂಟ್ ಮರೆಯಬೇಡಿ. ಕೊನೆಗೆ ಸೊನ್ನೆ ತುಂಬಿ ಉದ್ದವನ್ನೂ ನಾಲ್ಕರ ಮಗ್ಗಿಗೆ ತನ್ನಿ.

ಮಡಿಕೇರಿ_ಅಕ್ಕ

ಮೇಲಿನದು ಸರಿಯಾದ ಉತ್ತರ. ನಿಮ್ಮ ಸೇವ್ ಕೋಡ್‌ನ ಸೋರ್ಸನ್ನೂ ಓದಿದೆ. ಬಿಡುಗಡೆಗೆ ಮುಂಚೆ ಇನ್ನೂ ಕೆಲವು ನೋಡಿಕೊಳ್ಳಿ.

ಎಸ್‌ರಾಮ್‌ನ ಬಸ್ 8 ಬಿಟ್. ಒಂದೊಂದೇ ಬೈಟ್ ಓದಬೇಕು, ಒಂದೊಂದೇ ಬೈಟ್ ಬರೆಯಬೇಕು. ನೀವು ಬೈಟ್ ಲೂಪನ್ನೇ ಬರೆದಿದ್ದೀರಿ, ಒಳ್ಳೆಯದು. ಆದರೆ ಪಾಯಿಂಟರ್ ‘ವೊಲಟೈಲ್’ (ಬರೆದ ಹಾಗೆಯೇ ಓದು, ಬರೆ ಎಂದು ಕಂಪೈಲರ್‌ಗೆ ಹೇಳುವ ಪದ) ಅಲ್ಲ. ಡೆವ್‌ಕಿಟ್‌ಆರ್ಮ್‌ನ ಕಂಪೈಲರ್ ಜಿಸಿಸಿಗೆ ನಕಲು ಮಾಡುವ ಲೂಪ್ ಕಂಡರೆ ಅದನ್ನು ‘ಮೆಮ್‌ಕಾಪಿ’ ಕರೆಯಾಗಿ ಬದಲಿಸುವ ಅಭ್ಯಾಸ ಇದೆ. ಜಿಸಿಸಿ 10ರಿಂದ ಮಟ್ಟ 2ರಲ್ಲೂ ಹೀಗೆ ಮಾಡುತ್ತದೆ. ‘ಮೆಮ್‌ಕಾಪಿ’ 4 ಬೈಟ್ ಒಟ್ಟಿಗೆ ಸಾಗಿಸಲು ನೋಡುತ್ತದೆ, ಎಸ್‌ರಾಮ್‌ನಲ್ಲಿ ಅದು ನಡೆಯುವುದಿಲ್ಲ. ಇವತ್ತು ನಿಮ್ಮ ಕಂಪೈಲರ್‌ನಲ್ಲಿ ಸರಿ ಇರಬಹುದು, ಬೇರೆಯವರ ಆವೃತ್ತಿಯಲ್ಲಿ ಕೆಡುತ್ತದೆ. ಎರಡೂ ಕಡೆ ‘ವೊಲಟೈಲ್’ ಹಾಕಿದರೆ ಆ ಭಯ ಇಲ್ಲ.

ವೇಟ್ ಕಂಟ್ರೋಲ್ ರಿಜಿಸ್ಟರ್‌ನ ಕೆಳಗಿನ 2 ಬಿಟ್ ಎಸ್‌ರಾಮ್‌ಗೆ. ಅಲ್ಲಿ 3 ಬರೆದರೆ 8 ಸೈಕಲ್ ಕಾಯುತ್ತದೆ. ಅದನ್ನೇ ಇಡಿ. ದಾಖಲೆ ಸೇವ್ ಮಾಡುವಾಗ ವೇಗ ಯಾರಿಗೂ ಬೇಕಿಲ್ಲ.

ಇನ್ನು ನಿಮ್ಮ ಲಿಂಕರ್ ಸ್ಕ್ರಿಪ್ಟ್. 256 ಕೆಬಿಯ ಹೊರಗಿನ ರ‍್ಯಾಮ್‌ನಲ್ಲಿ ಆರಂಭದ ಬೆಲೆ ಇಲ್ಲದ ವೇರಿಯಬಲ್‌ಗಳನ್ನು ಇಟ್ಟಿದ್ದೀರಿ. ನಿಮ್ಮ ಸ್ಟಾರ್ಟಪ್ ಕೋಡ್ 32 ಕೆಬಿಯ ಒಳಗಿನ ರ‍್ಯಾಮ್‌ನಲ್ಲಿರುವ ಅಂಥ ಜಾಗವನ್ನು ಮಾತ್ರ ಸೊನ್ನೆ ಮಾಡುತ್ತಿದೆ. ಎಮ್ಯುಲೇಟರ್‌ನಲ್ಲಿ ರ‍್ಯಾಮ್ ಸೊನ್ನೆಯಿಂದಲೇ ಶುರು. ಫ್ಲಾಶ್ ಕಾರ್ಟ್‌ನಲ್ಲಿ ಮೊದಲು ಅದರ ಮೆನು ಓಡಿ, ಅದು ಬಿಟ್ಟುಹೋದ ಕಸ ಅಲ್ಲೇ ಇರಬಹುದು. ಎರಡೂ ಜಾಗ ಸೊನ್ನೆ ಮಾಡಿ.

ನಾಪೋಕ್ಲು_ಸ್ಪ್ರೈಟ್

ಅಕ್ಕ, ಸರ್, ಇಬ್ಬರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ತಿದ್ದಿದೆ. ಸ್ಟ್ರಿಂಗ್ ಹೊಸ ರಾಮ್‌ನಲ್ಲಿ ಕಾಣುತ್ತಿದೆ, ಗೋಣಿಕೊಪ್ಪದಲ್ಲಿ ದಾಖಲೆ ಉಳಿಯುತ್ತಿದೆ!

ಅದೇ ರಾಮ್ ಫೈಲನ್ನು ವಿರಾಜಪೇಟೆಯಲ್ಲಿ ಇನ್ನೊಬ್ಬರಿಗೂ ಕೊಟ್ಟಿದ್ದೆ. ಅವರಿಗೆ ಮೊದಲ ಸಲ ಆನ್ ಮಾಡಿದಾಗಲೇ ದಾಖಲೆ 65535 ಗೋಲು ಅಂತ ತೋರಿಸಿತಂತೆ. ಇದು ಬೇರೆ ಸಮಸ್ಯೆಯಾ?

ಮಡಿಕೇರಿ_ಅಕ್ಕ

65535 ಅಂದರೆ 16 ಬಿಟ್‌ಗಳಲ್ಲೂ 1 ಇದೆ ಎಂದರ್ಥ. ಯಾರೂ ಬರೆಯದ ಸೇವ್ ಜಾಗ ಓದಿದ್ದೀರಿ. ಹೊಸ ಸೇವ್‌ನಲ್ಲಿ ಏನಿರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ, ಸೊನ್ನೆ ಇರಬಹುದು, ಎಲ್ಲ ಒಂದು ಇರಬಹುದು, ಹಳೆಯ ಆಟದ ಚೂರೂ ಇರಬಹುದು.

ಸೇವ್‌ನ ಮೊದಲ 4 ಬೈಟ್‌ನಲ್ಲಿ ನಿಮ್ಮದೇ ಒಂದು ಗುರುತು ಇಡಿ. ಆಮೇಲೆ ಸೇವ್ ವಿನ್ಯಾಸದ ಆವೃತ್ತಿ, ಆಮೇಲೆ ಮಾಹಿತಿ, ಕೊನೆಗೆ ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲವೇ ಎಂದು ನೋಡಲು ಅದರಿಂದಲೇ ಲೆಕ್ಕ ಹಾಕಿದ ಸಂಖ್ಯೆ). ಓದುವಾಗ ಗುರುತು ಇಲ್ಲದಿದ್ದರೆ ಅಥವಾ ಚೆಕ್‌ಸಮ್ ಹೊಂದದಿದ್ದರೆ ಆಟಕ್ಕೆ ‘ಸೇವ್ ಇಲ್ಲ’ ಎಂದು ಹೇಳಿ. ಲೈಬ್ರರಿ ತಾನೇ ಅಳಿಸಬಾರದು, ಆ ತೀರ್ಮಾನ ಆಟ ಬರೆಯುವವರದ್ದು.

ಇದಕ್ಕಿಂತ ಮುಖ್ಯವಾದದ್ದು, ಎರಡು ಜಾಗ ಇಟ್ಟುಕೊಳ್ಳಿ. 32 ಕೆಬಿ ಇದೆ, ನಿಮ್ಮ ದಾಖಲೆಗೆ ಬೇಕಿರುವುದು ಕೆಲವೇ ಬೈಟ್. ಒಂದು ಸಲ ಮೊದಲ ಜಾಗಕ್ಕೆ ಬರೆಯಿರಿ, ಮುಂದಿನ ಸಲ ಎರಡನೆಯದಕ್ಕೆ, ಜೊತೆಗೆ ಏರುತ್ತಾ ಹೋಗುವ ಒಂದು ಸಂಖ್ಯೆ. ಬರೆಯುವ ಮಧ್ಯದಲ್ಲಿ ಮಗು ಸ್ವಿಚ್ ಆಫ್ ಮಾಡಿದರೂ ಹಿಂದಿನ ಸೇವ್ ಸುರಕ್ಷಿತ. ಮಕ್ಕಳು ಗೇಮ್ ಆಫ್ ಮಾಡುವ ಹೊತ್ತು ನಾವು ಹೇಳಿದಂತೆ ಇರುವುದಿಲ್ಲ. ಅವರು ಕಷ್ಟಪಟ್ಟು ಮಾಡಿದ ದಾಖಲೆ ಹೋಗಬಾರದು.

ಮೈಸೂರು_ಆರ್ಮ್7

ಬಿಡುಗಡೆ ಬಗ್ಗೆಯೂ ಹೇಳಿಬಿಡುತ್ತೇನೆ.

ಉದಾಹರಣೆ ಆಟವನ್ನು ಲೈಬ್ರರಿಯ ಸೋರ್ಸ್ ಫೋಲ್ಡರ್‌ನಿಂದ ಪೂರ್ತಿ ಹೊರಗೆ ಇಡಿ. ಅದು ಇನ್‌ಸ್ಟಾಲ್ ಆದ ಹೆಡರ್ ಮತ್ತು ಲೈಬ್ರರಿ ಫೈಲ್ ಮಾತ್ರ ಬಳಸಿ ಬಿಲ್ಡ್ ಆಗಬೇಕು, ಹೊರಗಿನವರು ಮಾಡುವ ಹಾಗೆಯೇ. ಹಾಗೆ ಇಟ್ಟಿದ್ದರೆ ಈ ಸ್ಟ್ರಿಂಗ್ ಸಮಸ್ಯೆ ಮೊದಲ ಬಿಲ್ಡ್‌ನಲ್ಲೇ ಹಿಡಿಯಬಹುದಿತ್ತು. ಮೇಕ್‌ಫೈಲ್‌ಗೆ ಒಂದು ‘ಚೆಕ್’ ಗುರಿ ಸೇರಿಸಿ. ರಾಮ್ ಕಟ್ಟಿದ ಮೇಲೆ ಅದು ಸೇವ್ ಸ್ಟ್ರಿಂಗ್ ಹುಡುಕಲಿ, ಅಲೈನ್‌ಮೆಂಟ್ ನೋಡಲಿ, ಸಿಗದಿದ್ದರೆ ಬಿಲ್ಡ್ ನಿಲ್ಲಿಸಲಿ. ಗೋಣಿಕೊಪ್ಪಕ್ಕೆ ಪೆನ್ ಡ್ರೈವ್ ಕಳಿಸುವ ಮೊದಲು ಇಷ್ಟು ನಿಮ್ಮ ಮನೆಯಲ್ಲೇ ಗೊತ್ತಾಗುತ್ತದೆ, ನೆಟ್ ಬೇಕಿಲ್ಲ.

ಲೈಸೆನ್ಸ್‌ಗೆ ಜೆಡ್‌ಲಿಬ್ ಹಾಕಿ ಎಂಬುದು ನನ್ನ ಸಲಹೆ. ಎಲ್‌ಜಿಪಿಎಲ್ ಹಾಕಿದರೆ, ಎಲ್ಲವೂ ಸ್ಟಾಟಿಕ್ ಆಗಿ ಒಂದೇ ರಾಮ್‌ನಲ್ಲಿ ಸೇರುವುದರಿಂದ, ಸೋರ್ಸ್ ಕೊಡದೆ ಆಟ ಹಂಚುವವರು ಮತ್ತೆ ಲಿಂಕ್ ಮಾಡಲು ಆಬ್ಜೆಕ್ಟ್ ಫೈಲ್‌ಗಳನ್ನಾದರೂ ಕೊಡಬೇಕಾಗುತ್ತದೆ. ಎಂಐಟಿ ಸುಲಭವೇ, ಆದರೆ ಅದರ ಸೂಚನೆ ಪ್ರತಿ ನಕಲಿನ ಜೊತೆಗೂ ಹೋಗಬೇಕು. ಜೆಡ್‌ಲಿಬ್‌ನಲ್ಲಿ ಸೂಚನೆಯನ್ನು ಸೋರ್ಸ್‌ನಿಂದ ತೆಗೆಯಬಾರದು ಅಷ್ಟೇ. ಸೂಚನೆ ತೋರಿಸಲು ಜಾಗ ಕಡಿಮೆ ಇರುವ, 240 ಗುಣಿಸು 160 ಪಿಕ್ಸೆಲ್ ಪರದೆಯ ಯಂತ್ರಕ್ಕೆ ಅದು ಅನುಕೂಲ.

ಅಧಿಕೃತ ಕಿಟ್‌ನಿಂದ ಹೊರಬಿದ್ದ ಹೆಡರ್ ಫೈಲ್, ಬಯೋಸ್ ಫೈಲ್ ಯಾವುದೂ ರೆಪೊಸಿಟರಿಯಲ್ಲಿ ಇರಬಾರದು. ರಿಜಿಸ್ಟರ್ ಹೆಸರುಗಳನ್ನು ಜಿಬಿಎಟೆಕ್ (ಈ ಯಂತ್ರದ ಬಗ್ಗೆ ಹವ್ಯಾಸಿಗಳು ಬಳಸುವ ತಾಂತ್ರಿಕ ಕೈಪಿಡಿ) ನೋಡಿ ನೀವೇ ಬರೆಯಿರಿ, ಎಲ್ಲಿಂದ ತಿಳಿದುಕೊಂಡಿರಿ ಅಂತ ಹೆಸರು ಹೇಳಿ.

ನಾಪೋಕ್ಲು_ಸ್ಪ್ರೈಟ್

ಎಲ್ಲ ಮಾಡಿದೆ. ‘ಚೆಕ್’ ಗುರಿ ಕೆಲಸ ಮಾಡುತ್ತಿದೆ. ಬೇಕಂತಲೇ ಸ್ಟ್ರಿಂಗ್ ತೆಗೆದು ನೋಡಿದೆ, ಬಿಲ್ಡ್ ನಿಂತಿತು. ಎರಡು ಜಾಗದ ಸೇವ್ ಕೂಡ ಆಯಿತು. ವಿರಾಜಪೇಟೆಯಲ್ಲಿ ಈಗ ಮೊದಲ ಸಲ ‘ದಾಖಲೆ ಇಲ್ಲ’ ಎಂದು ಬರುತ್ತದೆ, ಒಂದು ಆಟ ಆಡಿ ಆಫ್ ಮಾಡಿದ ಮೇಲೆ ಸರಿಯಾದ ಅಂಕಿ ಬರುತ್ತದೆ. ಗೆಳೆಯ ಸೇವ್ ಆಗುವಾಗಲೇ ಸ್ವಿಚ್ ಆಫ್ ಮಾಡಿ ಮಾಡಿ ಪರೀಕ್ಷಿಸಿದ, ಹಿಂದಿನ ದಾಖಲೆ ಹೋಗಲಿಲ್ಲ.

0.1.0 ಎಂದು ಟ್ಯಾಗ್ ಹಾಕಿದ್ದೇನೆ. ಜೆಡ್‌ಲಿಬ್ ಲೈಸೆನ್ಸ್. ಸೇವ್‌ಗೆ ಎಸ್‌ರಾಮ್ ಮಾತ್ರ ಇದೆ, ಇಇಪ್ರಾಮ್ ಮತ್ತು ಫ್ಲಾಶ್ ಇನ್ನೂ ಇಲ್ಲ ಎಂದು ವಿವರಣೆಯ ಮೊದಲ ಪುಟದಲ್ಲೇ ಬರೆದಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೆಯ ಅಡ್ವಾನ್ಸ್, ಎಸ್‌ಪಿ ಅಥವಾ ಮೈಕ್ರೊ ಇದ್ದರೆ ಹಾಕಿ ನೋಡಿ. ಯಂತ್ರ ಯಾವುದು, ಕಾರ್ಟ್ ಯಾವುದು, ಜಿಸಿಸಿ ಆವೃತ್ತಿ ಎಷ್ಟು, ಈ ಮೂರನ್ನು ಬರೆದು ಇಲ್ಲೇ ತಿಳಿಸಿ.

ಕುಶಾಲನಗರ_ಸೋಲ್ಡರ್

ನನ್ನ ಹತ್ತಿರ ಮೊದಲ ಮಾದರಿಯ ಅಡ್ವಾನ್ಸ್ ಇದೆ. ಭಾನುವಾರ ಹಾಕಿ ನೋಡಿ ಹೇಳುತ್ತೇನೆ.